ಹಬ್ಬದ ದಿನ ಯಾವ ಚಿತ್ರ?



ಬಸವ ಜಯಂತಿ ಸಮೀಪಿಸಿದಂತೆ ಸಾಲಹಳ್ಳಿಯ ನಮ್ಮ ಓಣಿಯಲ್ಲಿ ಪ್ರತಿ ವರ್ಷ ಎರಡು ವಿಷಯಗಳ ಚರ್ಚೆ ತಪ್ಪದೇ ನಡೆಯುತ್ತದೆ. ಮೆರವಣಿಗೆಯಲ್ಲಿ ಯಾರ ಮನೆಯ ಎತ್ತುಗಳು ಮುಂದೆ ನಡೆಯಬೇಕು ಎಂಬುದು ಮೊದಲನೆಯದು. ಅದು ಅರ್ಧ ಗಂಟೆಯಲ್ಲಿ ತೀರಿಹೋಗುತ್ತದೆ. ಸಂಜೆ ದಾಸೋಹಕ್ಕೆ ಮುಂಚೆ ಬಿಳಿಯ ಪರದೆ ಕಟ್ಟಿ ಯಾವ ಚಲನಚಿತ್ರ ತೋರಿಸಬೇಕು ಎಂಬುದು ಎರಡನೆಯದು. ಇದು ಮಾತ್ರ ಹಬ್ಬ ಮುಗಿದ ಮೇಲೂ ತೀರುವುದಿಲ್ಲ. ಹುಡುಗರು ಒಂದು ಹೆಸರು ಹೇಳುತ್ತಾರೆ, ಹಿರಿಯರು ತಲೆ ಅಲ್ಲಾಡಿಸುತ್ತಾರೆ. "ಅದು ಹಬ್ಬದ ಸಿನೆಮಾ ಅಲ್ಲಪಾ" ಎಂಬ ಮಾತು ಬರುತ್ತದೆ. ಹಾಗಾದರೆ ಹಬ್ಬದ ಸಿನೆಮಾ ಯಾವುದು ಎಂದು ಕೇಳಿದರೆ ಹತ್ತು ಜನ ಹತ್ತು ಉತ್ತರ ಕೊಡುತ್ತಾರೆ. ಕಳೆದ ವರ್ಷದ ಚರ್ಚೆ ನಮ್ಮನ್ನು ಸ್ವಲ್ಪ ಹೆಚ್ಚಾಗಿಯೇ ಕಾಡಿದ್ದರಿಂದ ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ವಿಡಿಯೋದ ಕಾಲವು ನಲವತ್ತು ದಾಟಿದ ಓದುಗರ ನೆನಪಿನಲ್ಲಿ ಇದ್ದೇ ಇರುತ್ತದೆ. ಗಣಪತಿಯ ಮುಂದೆ, ಜಾತ್ರೆಯ ಮರುದಿನ, ಕೆಲವೊಮ್ಮೆ ಮದುವೆಯ ಮನೆಯಲ್ಲಿಯೂ ಪೇಟೆಯಿಂದ ಬಾಡಿಗೆಗೆ ಕಲರ್ ಟಿ.ವಿ., ವಿ.ಸಿ.ಆರ್. ತರಿಸುತ್ತಿದ್ದರು. ಕರೆಂಟು ಹೋದರೆ ಇರಲಿ ಎಂದು ಜನರೇಟರ್ ಒಂದು. ರಾತ್ರಿಗೆ ಮೂರು ಕ್ಯಾಸೆಟ್ಟು. ಆ ಮೂರರ ಕ್ರಮಕ್ಕೆ ಯಾರೂ ಬರೆದಿಡದ ಒಂದು ಶಾಸ್ತ್ರವೇ ಇತ್ತು. ಮೊದಲನೆಯದು ಭಕ್ತಿಯ ಚಿತ್ರ. ಊದುಬತ್ತಿ ಹಚ್ಚಿ, ಟಿ.ವಿ.ಗೇ ಕುಂಕುಮ ಏರಿಸಿ ಆರಂಭಿಸುತ್ತಿದ್ದರು. ಎರಡನೆಯದು ಸಂಸಾರದ ಚಿತ್ರ. ಮೂರನೆಯದು ಹೊಡೆದಾಟದ್ದು; ಆ ಹೊತ್ತಿಗೆ ಮಕ್ಕಳೆಲ್ಲ ಗೋಣಿತಟ್ಟಿನ ಮೇಲೆ ನಿದ್ದೆ ಹೋಗಿ, ಎಚ್ಚರವಿದ್ದವರು ಹರೆಯದ ಹುಡುಗರು ಮಾತ್ರ. ಈ ಮೂರರಲ್ಲಿ ಹಬ್ಬದ ಚಿತ್ರವೆನಿಸಿಕೊಳ್ಳುತ್ತಿದ್ದುದು ಮೊದಲನೆಯದೊಂದೇ. ಉಳಿದೆರಡು ಸುಮ್ಮನೆ ರಾತ್ರಿ ಕಳೆಯುವ ಸಾಧನ.

ಆದರೆ ಆ ಮೊದಲನೆಯ ಚಿತ್ರವನ್ನು ನೋಡುತ್ತಿದ್ದವರು ಯಾರು? ಗಂಡಸರು ಮತ್ತು ಮಕ್ಕಳು. ಹೆಣ್ಣುಮಕ್ಕಳು ಪಂಕ್ತಿ ಎಬ್ಬಿಸಿ, ಭಾಂಡಿ ತಿಕ್ಕಿ, ಹಸುಗೂಸನ್ನು ಮಲಗಿಸಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಎರಡನೆಯ ಕ್ಯಾಸೆಟ್ಟು ಅರ್ಧ ಆಗಿರುತ್ತಿತ್ತು. ನಮ್ಮ ದೊಡ್ಡವ್ವನವರು 'ಬೇಡರ ಕಣ್ಣಪ್ಪ'ನನ್ನು ಅಡಿಗೆಮನೆಯಿಂದ ಎಷ್ಟು ಸಲ ಕೇಳಿದ್ದರೋ ಲೆಕ್ಕವಿಲ್ಲ. ಪೂರ್ತಿ ನೋಡಲು ಅವರಿಗೆ ಒಮ್ಮೆಯೂ ಆಗಲಿಲ್ಲ. ಹಬ್ಬದ ಚಿತ್ರದ ವ್ಯಾಖ್ಯಾನ ಮಾಡಹೊರಟಾಗಲೆಲ್ಲ ಈ ಸಂಗತಿ ನಮಗೆ ಮುಳ್ಳಿನಂತೆ ನೆನಪಾಗುತ್ತದೆ.

ಹೆಸರು ಬಂದಿತು, ಹೇಳಿಯೇ ಮುಂದೆ ಹೋಗೋಣ. ಶಿವರಾತ್ರಿಯ ಜಾಗರಣೆಗೆ 'ಬೇಡರ ಕಣ್ಣಪ್ಪ'ನಿಗಿಂತ ಒಪ್ಪುವ ಚಿತ್ರ ಮತ್ತೊಂದಿಲ್ಲವೆಂದು ನಮ್ಮ ಭಾಗದ ಹಿರಿಯರು ಇಂದಿಗೂ ಹೇಳುವುದುಂಟು. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದಲ್ಲಿ ತೆರೆಕಂಡ ಆ ಚಿತ್ರವು ಗುಬ್ಬಿ ವೀರಣ್ಣನವರ ಕಂಪನಿಯ ರಂಗಭೂಮಿಯಿಂದ ಪರದೆಗೆ ಬಂದದ್ದು. ಮುತ್ತುರಾಜ ಎಂಬ ತರುಣ ನಟ ರಾಜಕುಮಾರನಾಗಿ ನಾಯಕಪಾತ್ರದಲ್ಲಿ ನಾಡಿಗೆ ಪರಿಚಯವಾದದ್ದು ಅದರಿಂದಲೇ. ಅದರ ನಂತರ 1980ರಲ್ಲಿ ಲೋಕೇಶ್ ಅಭಿನಯದ 'ಭಕ್ತ ಸಿರಿಯಾಳ' ಬಂದಿತು. 1988ರಲ್ಲಿ 'ಶಿವ ಮೆಚ್ಚಿದ ಕಣ್ಣಪ್ಪ' ಬಂದಿತು. ಶಿವರಾಜಕುಮಾರರು ಕಣ್ಣಪ್ಪನಾದರೆ ತಂದೆ ರಾಜಕುಮಾರರು ಶಿವನಾಗಿ ಕಾಣಿಸಿಕೊಂಡರು. ಈ ಮೂರೂ ಶಿವರಾತ್ರಿಗೆ ಹಬ್ಬದ ಚಿತ್ರಗಳೆಂಬುದರಲ್ಲಿ ತಕರಾರಿಲ್ಲ.

ಉಳಿದ ಹಬ್ಬಗಳಿಗೆ ಇಷ್ಟು ಖಚಿತವಾದ ಪಟ್ಟಿ ಇಲ್ಲ. ಪಂಚಮಿಗೆ ಅಣ್ಣ-ತಂಗಿಯರ ಚಿತ್ರ ಎಂಬ ರೂಢಿ ಬಂದಿದೆ. 2002ರ 'ತವರಿಗೆ ಬಾ ತಂಗಿ'ಯನ್ನು ಜೋಕಾಲಿ, ಉಂಡಿಗಳ ಜೊತೆಗೇ ಎಣಿಸುವ ಮನೆಗಳುಂಟು. 1999ರಲ್ಲಿ ಡಿ. ರಾಜೇಂದ್ರಬಾಬು ಅವರು ಕೂಡು ಕುಟುಂಬದ ಕಥೆಗೆ 'ಹಬ್ಬ' ಎಂದೇ ಹೆಸರಿಟ್ಟುಬಿಟ್ಟರು. ಹೆಸರಿನಿಂದಲೇ ಹಬ್ಬದ ಚಿತ್ರವಾಗುವುದಾದರೆ ನಮ್ಮ ಚರ್ಚೆಯೆಲ್ಲ ಅಂದೇ ಮುಗಿಯಬೇಕಿತ್ತು! ಕಿತ್ತೂರು ಉತ್ಸವ ಬಂದರೆ ಬಿ.ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ' (1961) ನೆನಪಾಗುವುದು ಸಹಜ. ಬಿ. ಸರೋಜಾದೇವಿಯವರ ಆ ರಾಣಿಯ ರೂಪ, ರಾಜಕುಮಾರರ ಮಲ್ಲಸರ್ಜ ನಮ್ಮ ತಾಯಂದಿರ ಕಣ್ಣಲ್ಲಿ ನಿಂತುಬಿಟ್ಟಿದ್ದವು. ನೆರೆಯ ಸಂಗೊಳ್ಳಿಯ ವೀರನ ಕಥೆಯಾದ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' 2012ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ಬಿಡುಗಡೆಯಾಯಿತು. ದಿನವನ್ನು ಆರಿಸಿ ಬಿಡುಗಡೆ ಮಾಡಿದರೆ ಅದು ಹಬ್ಬದ ಚಿತ್ರವೇ ಎಂದು ನಿರ್ಮಾಪಕರು ತಿಳಿಯುತ್ತಾರೆ. ಅದು ವ್ಯಾಪಾರದ ಲೆಕ್ಕ. ಮನೆಯ ಲೆಕ್ಕ ಬೇರೆ.

ಈ ವಾದ ನಮ್ಮೊಬ್ಬರದೇ ಅಲ್ಲವೆಂದು ತಿಳಿದಾಗ ನಮಗೆ ನಗು ಬಂದಿತು. ಅಮೆರಿಕದಲ್ಲಿ ನೆಲೆಸಿದ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಕ್ರಿಸ್‌ಮಸ್ ರಜೆಗೆ ಮಕ್ಕಳು ಪ್ರತಿ ವರ್ಷ ಜಗಳಾಡುತ್ತಾರಂತೆ, 'ಡೈ ಹಾರ್ಡ್' ಎಂಬ ಬಂದೂಕು-ಬಾಂಬುಗಳ ಚಿತ್ರ ಕ್ರಿಸ್‌ಮಸ್ ಚಿತ್ರವೋ ಅಲ್ಲವೋ ಎಂದು. ಕಥೆ ನಡೆಯುವುದು ಕ್ರಿಸ್‌ಮಸ್ ಹಿಂದಿನ ರಾತ್ರಿ. ಚಿತ್ರ ಬಿಡುಗಡೆಯಾದದ್ದು 1988ರ ಜುಲೈನಲ್ಲಿ. ಆ ದೇಶವೆಲ್ಲ ಇದೇ ವಾದ ಮಾಡುತ್ತದೆಯಂತೆ. ಅಲ್ಲಿಯೇ ಇನ್ನೊಂದು ಚಿತ್ರದ ಕಥೆ ಹೆಚ್ಚು ಬೋಧಕವಾಗಿದೆ. 1946ರ 'ಇಟ್ಸ್ ಎ ವಂಡರ್‌ಫುಲ್ ಲೈಫ್' ಎಂಬುದು ಆ ಕಾಲಕ್ಕೆ ಹಣ ಗಳಿಸಲಿಲ್ಲ. 1974ರಲ್ಲಿ ಅದರ ಹಕ್ಕನ್ನು ನವೀಕರಿಸಲು ಮರೆತರು. ಹಣ ಕೊಡದೇ ತೋರಿಸಬಹುದೆಂದು ಟಿ.ವಿ. ಕೇಂದ್ರಗಳು ಪ್ರತಿ ಡಿಸೆಂಬರ್‌ನಲ್ಲಿ ಅದನ್ನೇ ತೋರಿಸತೊಡಗಿದವು. ನೋಡಿ ನೋಡಿ ಅದು ಮನೆಮನೆಯ ಹಬ್ಬದ ಚಿತ್ರವಾಯಿತು. ನಮ್ಮಲ್ಲಿಯೂ ಭಾನುವಾರ ಸಂಜೆಯ ದೂರದರ್ಶನ, ಆಮೇಲೆ ಖಾಸಗಿ ವಾಹಿನಿಗಳು ಇದೇ ಕೆಲಸ ಮಾಡಿವೆ. ನಾವು ಆರಿಸಿದೆವೆಂದು ತಿಳಿದಿರುವ ಎಷ್ಟೋ ಚಿತ್ರಗಳು ಯಾರೋ ನಮಗಾಗಿ ಆರಿಸಿಟ್ಟವು.

ಇದಕ್ಕೆ ತಿರುಗುಮುರುಗಾದ ಉದಾಹರಣೆಯೂ ಉಂಟು. 1975ರಲ್ಲಿ 'ಜೈ ಸಂತೋಷಿ ಮಾ' ಬಂದಾಗ ಜನ ಚಿತ್ರಮಂದಿರದ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದರು, ಪರದೆಗೆ ಹೂವು, ನಾಣ್ಯ ಎಸೆದರು. ಶುಕ್ರವಾರದ ವ್ರತ ಊರೂರಿಗೆ ಹಬ್ಬಿತು. ಚಿತ್ರವೇ ಹಬ್ಬವನ್ನು ಹುಟ್ಟಿಸಿದ ಪರಿ ಅದು. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವ ನಾವು ಪರದೆಗೆ ಆರತಿ ಎತ್ತುವುದನ್ನು ಒಪ್ಪಲಾರೆವು. ಹಾಗೆಂದು ನಗುವ ಅಧಿಕಾರವೂ ನಮಗಿಲ್ಲ, ಟಿ.ವಿ.ಗೆ ಕುಂಕುಮ ಏರಿಸಿದ ಮಾತನ್ನು ಈಗಷ್ಟೇ ಬರೆದಿದ್ದೇವೆ.

ಇನ್ನು ಬಸವ ಜಯಂತಿಯ ಮಾತು. ಈ ಹಬ್ಬವನ್ನು ಸಾರ್ವಜನಿಕವಾಗಿ ಆಚರಿಸುವ ಪದ್ಧತಿ ಬಹಳ ಹಳೆಯದಲ್ಲ. 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ಅದಕ್ಕೆ ನಾಂದಿ ಹಾಡಿದರು. ಅಲ್ಲಿಯವರೆಗೆ ನಮ್ಮ ಹಳ್ಳಿಗಳಲ್ಲಿ ಆ ದಿನ ಎತ್ತುಗಳ ಪೂಜೆ, ಅಷ್ಟೇ. ಆದುದರಿಂದ ಈ ಹಬ್ಬಕ್ಕೆ ಏನು ಸಲ್ಲುತ್ತದೆ, ಏನು ಸಲ್ಲದು ಎಂಬುದನ್ನು ನಮ್ಮ ಅಜ್ಜಂದಿರು ತೀರ್ಮಾನಿಸುತ್ತ ಬಂದರು, ನಾವೂ ತೀರ್ಮಾನಿಸಬೇಕಾಗಿದೆ. ನಮ್ಮ ಭಾಗದಲ್ಲಿ ಬಸವಣ್ಣನವರ ಮೂರ್ತಿಯನ್ನು ಜನರ ಕಣ್ಣಿಗೆ ತಂದುಕೊಟ್ಟವರು ಮೊದಲು ನಾಟಕದವರು. ಸವದತ್ತಿ ತಾಲೂಕಿನ ಏಣಗಿಯ ಬಾಳಪ್ಪನವರು 'ಜಗಜ್ಯೋತಿ ಬಸವೇಶ್ವರ' ನಾಟಕದ ಬಸವಣ್ಣನಾಗಿ ಹೆಸರಾದವರು. 2017ರಲ್ಲಿ 103 ವರ್ಷದ ತುಂಬು ಬಾಳು ಮುಗಿಸಿದರು. 1959ರಲ್ಲಿ ಅದೇ ಹೆಸರಿನ ಚಲನಚಿತ್ರ ಬಂದಿತು. ಹೊನ್ನಪ್ಪ ಭಾಗವತರು ಬಸವಣ್ಣ, ರಾಜಕುಮಾರರು ಬಿಜ್ಜಳ. ಆಮೇಲೆ 1983ರಲ್ಲಿ 'ಕ್ರಾಂತಿಯೋಗಿ ಬಸವಣ್ಣ', 2017ರಲ್ಲಿ ಟಿ.ಎಸ್. ನಾಗಾಭರಣರ 'ಅಲ್ಲಮ'. ಶಿವಶರಣರ ಬಗೆಗೆ ಚಿತ್ರಗಳ ಕೊರತೆ ಇದೆಯೆಂದು ಗೊಣಗುವವರು ಇರುವ ಚಿತ್ರಗಳನ್ನಾದರೂ ಕೂತು ನೋಡಿದ್ದಾರೆಯೇ ಎಂಬ ಸಂಶಯ ನಮಗುಂಟು.

ಕಳೆದ ವರ್ಷ ನಮ್ಮ ಓಣಿಯ ಹುಡುಗರು ಪ್ರೊಜೆಕ್ಟರ್ ತಂದರು. ಬಸವಣ್ಣನವರ ಜೀವನದ ಚಿತ್ರವನ್ನೇ ತೋರಿಸಬೇಕೆಂದು ಎಲ್ಲರೂ ಒಪ್ಪಿದರು. ಇಷ್ಟು ಸುಲಭವಾಗಿ ಒಪ್ಪಿಗೆಯಾದದ್ದು ನಮ್ಮ ನೆನಪಿನಲ್ಲಿ ಅದೇ ಮೊದಲು. ಆಗ ಹಿರಿಯರೊಬ್ಬರು ಒಂದು ಸೂಚನೆ ಮಾಡಿದರು: "ಮದುವಿ ಆಗೂತನಾ ತೋರಸ್ರಿ, ಅಲ್ಲಿಗೆ ನಿಲ್ಲಸ್ರಿ. ಹಬ್ಬದ ದಿನಾ ಕಣ್ಣೀರು ಬ್ಯಾಡ." ಮದುವೆಯೆಂದರೆ ಯಾವ ಮದುವೆ ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಮಗಾರ ಹರಳಯ್ಯನವರ ಮಗ ಶೀಲವಂತನಿಗೂ ಬ್ರಾಹ್ಮಣ ಮಂತ್ರಿಯಾಗಿದ್ದ ಮಧುವರಸರ ಮಗಳಿಗೂ ಕಲ್ಯಾಣದಲ್ಲಿ ನಡೆದ ಮದುವೆ. ಅದರ ಹಿಂದೆಯೇ ಬಂದದ್ದು ಬಿಜ್ಜಳನ ಆಜ್ಞೆ. ಎರಡೂ ಮನೆಯ ತಂದೆಯರ ಕಣ್ಣು ಕೀಳಿಸಿ, ಎಳೆಹೂಟೆಗೆ ಕಟ್ಟಿಸಿದ್ದು. ಮಾಂಗಲ್ಯಕ್ಕೆ ಹಬ್ಬ, ಎಳೆಹೂಟೆಗೆ ಪರದೆ ಮಡಚುವುದು. ಸೂಚನೆ ಸೌಮ್ಯವಾಗಿತ್ತು, ಹೇಳಿದವರು ಸಜ್ಜನರು. ನಾವೂ ತಲೆಯಾಡಿಸಿದೆವು ಎಂದು ಇಲ್ಲಿ ಒಪ್ಪಿಕೊಳ್ಳಬೇಕು.

ರಾತ್ರಿ ಮಲಗಿದಾಗ ಕಣ್ಣಪ್ಪ ನೆನಪಾದ. ಹಬ್ಬದ ದಿನ ಕಣ್ಣು ಕೀಳುವುದನ್ನು ತೋರಿಸಬಾರದಾದರೆ ಶಿವರಾತ್ರಿಯ ರಾತ್ರಿ ಬಾಣದ ಮೊನೆಯಿಂದ ಕಣ್ಣು ಕಿತ್ತಿಡುವ ಬೇಡನನ್ನು ಎಪ್ಪತ್ತು ವರ್ಷಗಳಿಂದ ಹೇಗೆ ನೋಡುತ್ತ ಬಂದೆವು? ಸಿರಿಯಾಳನ ಕಥೆಯಾದರೂ ಏನು? ತಂದೆತಾಯಿ ಹೆತ್ತ ಮಗನನ್ನೇ ಕೊಯ್ದು ಜಂಗಮನಿಗೆ ಅಡಿಗೆ ಮಾಡುತ್ತಾರೆ. ಅದನ್ನು ಪುಟ್ಟ ಮಕ್ಕಳನ್ನು ತೊಡೆಯ ಮೇಲೆ ಕೂಡ್ರಿಸಿಕೊಂಡು ನೋಡುತ್ತೇವೆ. ಯಾವ ಹಿರಿಯರೂ "ಅಲ್ಲಿಗೆ ನಿಲ್ಲಿಸಿ" ಎಂದದ್ದಿಲ್ಲ. ಯಾಕೆಂದರೆ ಕಣ್ಣಪ್ಪನಿಗೆ ಕಣ್ಣು ಮರಳಿ ಬರುತ್ತವೆ; ಚಿಲ್ಲಾಳ ಕರೆದೊಡನೆ ಓಡಿಬರುತ್ತಾನೆ. ಹೋದದ್ದೆಲ್ಲ ಕೊನೆಯ ಹತ್ತು ನಿಮಿಷದಲ್ಲಿ ಮರಳಿ ಸಿಗುತ್ತದೆಂಬ ಭರವಸೆ ಇರುವುದರಿಂದಲೇ ಆ ರಕ್ತವನ್ನು ನಾವು ಹಬ್ಬದ ಬಣ್ಣವೆಂದು ನೋಡುತ್ತೇವೆ. ಹರಳಯ್ಯನವರ ಕಣ್ಣು ಮರಳಿ ಬರಲಿಲ್ಲ. ಶಿವನು ವೃಷಭವನ್ನೇರಿ ಬಂದು ಮಧುವರಸರನ್ನು ಎಬ್ಬಿಸಲಿಲ್ಲ. ಬಸವಣ್ಣನವರು ಕೂಡಲಸಂಗಮಕ್ಕೆ ನಡೆದರು, ಶರಣರು ಚೆದುರಿದರು. ನಮಗೆ ಕಷ್ಟವಾಗುವುದು ಕಣ್ಣೀರಲ್ಲವೇನೋ, ಒರೆಸುವವರಿಲ್ಲದ ಕಣ್ಣೀರು.

ಅದಲ್ಲದೇ, ಆ ಚಿತ್ರವನ್ನು ಮದುವೆಗೆ ನಿಲ್ಲಿಸಿದರೆ ನಮ್ಮ ಸೀಮೆಯೇ ಅದರಿಂದ ಹೊರಗೆ ಉಳಿಯುತ್ತದೆ. ಕಲ್ಯಾಣದಿಂದ ಚನ್ನಬಸವಣ್ಣನವರ ಹಿಂದೆ ವಚನದ ಕಟ್ಟುಗಳನ್ನು ಹೊತ್ತು ಹೊರಟ ಶರಣರು ಉಳವಿಗೆ ನಡೆದ ದಾರಿ ಇದೇ ನಾಡಿನದು. ಕಿತ್ತೂರು ತಾಲೂಕಿನ ಕಾದರವಳ್ಳಿಯಲ್ಲಿ ಬೆನ್ನಟ್ಟಿ ಬಂದ ಸೈನ್ಯದೊಡನೆ ಅವರು ಕಾದಿದರೆಂದು ಪರಂಪರೆ ಹೇಳುತ್ತದೆ. ಎಂ.ಕೆ. ಹುಬ್ಬಳ್ಳಿಯ ಬಳಿ ಮಲಪ್ರಭೆಯ ನಡುವೆ ಬಸವಣ್ಣನವರ ಧರ್ಮಪತ್ನಿ ಗಂಗಾಂಬಿಕೆಯವರ ಐಕ್ಯಮಂಟಪ ಉಂಟು. ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನವರು ಐಕ್ಯರಾದರು. ಮಂಟಪವನ್ನು ತೊಳೆದು ಬರುವ ಆ ಮಲಪ್ರಭೆಯೇ ಸವದತ್ತಿಯ ಗುಡ್ಡಗಳನ್ನು ದಾಟಿ ನಮ್ಮ ರಾಮದುರ್ಗಕ್ಕೆ ಬರುತ್ತಾಳೆ. ಮಾಘಮಾಸದಲ್ಲಿ ಎತ್ತುಗಳಿಗೆ ಜೂಲ ಹೊದಿಸಿ, ಚಕ್ಕಡಿ ಹೂಡಿ, ರೊಟ್ಟಿಯ ಗಂಟು ಕಟ್ಟಿಕೊಂಡು ಉಳವಿಯ ಜಾತ್ರೆಗೆ ಹೋಗುವ ಮನೆತನಗಳು ಈ ಭಾಗದಲ್ಲಿ ಎಷ್ಟಿಲ್ಲ! ಮದುವೆಯ ಊಟ ಉಂಡು ಎದ್ದುಹೋಗುವವರಿಗೆ ಆ ಚಕ್ಕಡಿಗಳು ಯಾಕೆ ಹೊರಡುತ್ತವೆ ಎಂಬುದು ಹೇಗೆ ತಿಳಿಯಬೇಕು?

ಮರುದಿನ ಬೆಳಿಗ್ಗೆ ಈ ಮಾತನ್ನು ಆ ಹಿರಿಯರ ಮುಂದೆ ಇಟ್ಟೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನಿಜವಾದ ಕಾರಣ ಹೇಳಿದರು. ಊರಲ್ಲಿ ಚರ್ಮದ ಕಾಯಕ ಮಾಡುವ ಮನೆಗಳಿವೆ, ಹರಳಯ್ಯನವರನ್ನು ತಮ್ಮ ಮೂಲಪುರುಷರೆಂದು ನೆನೆಯುವ ಮನೆಗಳು. ದಾಸೋಹಕ್ಕೆ ಅವರೂ ಬರುತ್ತಾರೆ. "ಅವರ ಮುಂದ ಅದನ್ನ ಹ್ಯಾಂಗ ತೋರಸೂದು? ಅವರಿಗೆ ಏನ ಅನಸ್ತೈತಿ?" ಎಂದರು. ಈ ಸಂಕೋಚದ ಹಿಂದೆ ಮರ್ಯಾದೆಯೂ ಇತ್ತು, ನಾಚಿಕೆಯೂ ಇತ್ತು. ಒಂದು ಮಾತು ಮಾತ್ರ ಅವರಿಗೂ ಹೊಳೆದಿರಲಿಲ್ಲ, ಇಷ್ಟೆಲ್ಲ ವಿಚಾರ ಮಾಡಿದ ನಮಗೂ ಹೊಳೆದಿರಲಿಲ್ಲ. ಅವರನ್ನೇ ಕೇಳಬಹುದಾಗಿತ್ತು.

ಕೇಳಲು ನಾವು ಮತ್ತು ಆ ಹಿರಿಯರು ಕೂಡಿಯೇ ಹೋದೆವು. ಆ ಮನೆಯ ಮುತ್ಯಾ ಕಟ್ಟೆಯ ಮೇಲೆ ಕೂತು ಹಗ್ಗದ ಕಟ್ಟು ಬಿಗಿಯುತ್ತಿದ್ದರು. ಎದ್ದು ನಿಂತರು; ಕೂಡ್ರಿರೆಂದು ಹೇಳಿ ನಾವೂ ಕಟ್ಟೆಯ ಮೇಲೆಯೇ ಕೂತೆವು. ವಿಷಯ ಕೇಳಿ ಅವರಿಗೆ ನಮ್ಮ ಕಷ್ಟವೇನೆಂದೇ ಮೊದಲು ತಿಳಿಯಲಿಲ್ಲ. "ನಮ್ಮ ಮನ್ಯಾಗ ಆ ಕಥಿ ಹಬ್ಬಕ್ಕನ ಹೇಳ್ತೀವ್ರಿ. ಉಳದ ದಿನಾ ಹೇಳಾಕ ವ್ಯಾಳ್ಯಾ ಎಲ್ಲಿ ಸಿಗತೈತಿ? ನಮ್ಮಪ್ಪ ನನಗ ಹೇಳಿದ್ದೂ ಹಬ್ಬದ ದಿನಾನ" ಎಂದರು. ಸ್ವಲ್ಪ ತಡೆದು, "ಪೂರಾ ತೋರಸ್ತೀರಂದ್ರ ಮೊಮ್ಮಕ್ಕಳನ್ನೂ ಕರಕೊಂಡು ಬರ್ತೀನಿ. ಅರ್ಧಾ ತೋರಸೂದಾದ್ರ ಊಟದ ಹೊತ್ತಿಗೆ ಬರ್ತೀನ್ರಿ" ಎಂದು ನಕ್ಕರು. ನಮ್ಮ ಜೊತೆ ಬಂದಿದ್ದ ಹಿರಿಯರು ರುಮಾಲು ತೆಗೆದು ಮತ್ತೆ ಸುತ್ತಿಕೊಂಡರು. ದಾರಿಯಲ್ಲಿ ಮನೆ ಮುಟ್ಟುವ ತನಕ ಒಂದು ಮಾತೂ ಆಡಲಿಲ್ಲ.

ಚಿತ್ರವನ್ನು ಪೂರ್ತಿ ತೋರಿಸಿದೆವು. ಬಯಲಿನಲ್ಲಿ ಗಾಳಿ ಎದ್ದು ಪರದೆ ಎರಡು ಸಲ ಉಬ್ಬಿತು. ಹುಡುಗರು ತುದಿಗೆ ಕಲ್ಲು ಕಟ್ಟಿದರು. ಮುತ್ಯಾ ಹೇಳಿದಂತೆ ಮೊಮ್ಮಕ್ಕಳೊಡನೆ ಬಂದು ನಡುವಿನ ಚಾಪೆಯ ಮೇಲೆ ಕೂತರು. ಕೊನೆಯ ಭಾಗ ಬಂದಾಗ ಮಕ್ಕಳು ಅತ್ತವೇ ಎಂದು ಕೇಳುವವರಿಗೆ ಹೇಳುತ್ತೇವೆ: ಒಂದಿಬ್ಬರು ಅತ್ತರು. ದೊಡ್ಡವರೂ ಅತ್ತರು. ಯಾರೂ ಎದ್ದು ಹೋಗಲಿಲ್ಲ. ಹುಡುಗನೊಬ್ಬ ಮಾತ್ರ ಕೊನೆಯ ತನಕ ಕಾದು, "ಎಬ್ಬಸಾಕ ಯಾರೂ ಬರಲಿಲ್ಲೇನು?" ಎಂದು ತಾಯಿಯನ್ನು ಕೇಳಿದ. ಕಣ್ಣಪ್ಪನನ್ನು ನೋಡಿ ಬೆಳೆದ ಮಗು. ಆ ತಾಯಿ ಏನು ಉತ್ತರ ಕೊಟ್ಟಳೋ ಗದ್ದಲದಲ್ಲಿ ನಮಗೆ ಕೇಳಿಸಲಿಲ್ಲ.

ಒಂದು ಲೋಪ ಉಳಿಯಿತು, ಅದನ್ನೂ ಬರೆಯಬೇಕು. ಚಿತ್ರ ಮುಗಿಯುತ್ತಲೇ ಪಂಕ್ತಿ ಕೂಡ್ರಬೇಕಾಗಿದ್ದರಿಂದ ಹೋಳಿಗೆ ಬೇಯಿಸುವ ಹೆಣ್ಣುಮಕ್ಕಳು ಹಿಂದಿನ ಚಪ್ಪರದಲ್ಲಿ ಒಲೆಯ ಮುಂದೆಯೇ ಇದ್ದರು. ಎಳೆಹೂಟೆಯ ಭಾಗವನ್ನು ಅವರು ನಮ್ಮ ದೊಡ್ಡವ್ವನವರಂತೆ ಕಿವಿಯಿಂದ ಕೇಳಿದರು. ಊರಿನ ಎಲ್ಲ ಮನೆಗಳ ಮನಸ್ಸು ಕೇಳಿ ಬಂದೆವೆಂದು ಹೆಮ್ಮೆಪಟ್ಟ ನಾವು ನಮ್ಮ ಮನೆಯ ಅಡಿಗೆಮನೆಯನ್ನು ಕೇಳಿರಲಿಲ್ಲ.

ಈ ವರ್ಷ ಹುಡುಗರು ಮತ್ತೆ ಬಂದು ಕೂತಿದ್ದಾರೆ. 'ಅಲ್ಲಮ' ಹಾಕಬೇಕೆಂದು ಒಂದು ಪಕ್ಷ, ಹೊನ್ನಪ್ಪ ಭಾಗವತರ ಹಳೆಯ ಚಿತ್ರವೇ ಆಗಬೇಕೆಂದು ಇನ್ನೊಂದು. ಅದಿನ್ನೂ ತೀರ್ಮಾನವಾಗಿಲ್ಲ. ಹೆಣ್ಣುಮಕ್ಕಳ ತೀರ್ಮಾನ ಮಾತ್ರ ಆಗಿಹೋಗಿದೆ. ಈ ಸಲ ಹೋಳಿಗೆ ಇಲ್ಲ. ಮಧ್ಯಾಹ್ನವೇ ಮಾಡಿಡಬಹುದಾದ ಮಾದಲಿ, ಬದನೆಕಾಯಿ ಪಲ್ಯ, ರೊಟ್ಟಿ. ಸಂಜೆ ಆರಕ್ಕೆ ಒಲೆ ಆರಬೇಕು, ಆರಿದ ಮೇಲೆಯೇ ಪರದೆಯ ಮೇಲೆ ಬೆಳಕು ಬೀಳಬೇಕು. ಬಡಿಸುವುದು ಗಂಡಸರ ಪಾಲಿಗೆ ಬಂದಿದೆ.